ಪ್ರೊಸೆಸರ್ ಬದಲಿಸಿದರೆ ಹಳೆಯ ಕಂಪ್ಯೂಟರ್ ಹೊಸದಾಗುವುದೇ?

ಗೋಕಾಕ: ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ಒದಗಿಸುತ್ತಿದ್ದ ಉಚಿತ ಭದ್ರತಾ ಪರಿಷ್ಕರಣೆಗಳು 2025ರ ಅಕ್ಟೋಬರ್ 14ರಂದು ಕೊನೆಗೊಂಡವು. ಆ ದಿನಾಂಕದ ಆಚೆಗೆ ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಹತ್ತು-ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರನ್ನೇ ನೆಚ್ಚಿಕೊಂಡಿರುವ ಮುದ್ರಣಾಲಯ, ಪತ್ತಿನ ಸಹಕಾರ ಸಂಘ, ಝೆರಾಕ್ಸ್ ಅಂಗಡಿ, ಫೋಟೋ ಸ್ಟುಡಿಯೋ ಹಾಗೂ ಶಾಲೆಗಳ ಮುಂದೆ ಉಳಿದಿರುವ ಪ್ರಶ್ನೆ ಒಂದೇ. ದುರಸ್ತಿ ಅಂಗಡಿಯ ಕಟ್ಟೆಯ ಮೇಲೆ ಡಬ್ಬಿಯನ್ನು ಇಳಿಸಿದ ಗ್ರಾಹಕ ಅದನ್ನು ಈ ಭಾಗದ ಮಾತಿನಲ್ಲಿ ನೇರವಾಗಿಯೇ ಕೇಳುತ್ತಾನೆ: ‘ಪ್ರೊಸೆಸರ್ ಅಷ್ಟ ಬದಲಿ ಮಾಡಿದ್ರ ನಡೀತೈತೇನ್ರಿ?’

ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಯಂತ್ರದ ವೇಗ ಹೆಚ್ಚೀತೇ ಎಂಬುದು ಒಂದು. ವಿಂಡೋಸ್ 11ಕ್ಕೆ ಅದು ಅರ್ಹವಾದೀತೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅನೇಕ ಸಂದರ್ಭಗಳಲ್ಲಿ ‘ಹೌದು’ ಎನ್ನಬಹುದು. ಎರಡನೆಯದಕ್ಕೆ, ಮನೆ ಮತ್ತು ಕಚೇರಿಗಳಲ್ಲಿ ಸಾಮಾನ್ಯವಾಗಿರುವ ಇಂಟೆಲ್ ಡೆಸ್ಕ್‌ಟಾಪ್‌ಗಳ ಮಟ್ಟಿಗೆ, ಉತ್ತರ ‘ಇಲ್ಲ’. ಈ ವ್ಯತ್ಯಾಸವನ್ನು ಬಿಡಿಸಿ ಹೇಳದೆ ನಡೆಯುವ ವ್ಯವಹಾರದಲ್ಲಿ ಗ್ರಾಹಕನ ಹಣ ವ್ಯರ್ಥವಾಗುತ್ತದೆ.

ವಿಂಡೋಸ್ 11 ಬಿಡುಗಡೆಯಾದದ್ದು 2021ರ ಅಕ್ಟೋಬರ್ 5ರಂದು. 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ ಎಂಬ ಅದರ ಷರತ್ತುಗಳು ಯಾರಿಗೂ ಭಾರವಾಗಿರಲಿಲ್ಲ. ಭಾರವಾದದ್ದು ಟಿಪಿಎಂ 2.0 ಎಂಬ ಭದ್ರತಾ ಘಟಕ ಇರಲೇಬೇಕೆಂಬ ನಿಯಮ ಮತ್ತು ಸಂಸ್ಥೆ ಪ್ರಕಟಿಸಿದ ಪ್ರೊಸೆಸರ್‌ಗಳ ಪಟ್ಟಿ. ಇಂಟೆಲ್‌ನ ಕೋರ್ ಸರಣಿಯಲ್ಲಿ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, ಎಂಟನೇ ತಲೆಮಾರು ಹಾಗೂ ಅದರ ನಂತರದವುಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಾನ ದೊರೆಯಿತು. ಎಂಟನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಮಾರುಕಟ್ಟೆಗೆ ಬಂದದ್ದು 2017ರ ಅಕ್ಟೋಬರಿನಲ್ಲಿ. ಅದಕ್ಕೂ ಮೊದಲು ಕೊಂಡ ಇಂಟೆಲ್ ಯಂತ್ರಗಳೆಲ್ಲ, ಎಷ್ಟೇ ಬೆಲೆ ಬಾಳಿದ್ದರೂ, ಗೆರೆಯ ಈಚೆಗೇ ಉಳಿದವು.

ಹಾಗಾದರೆ ಹಳೆಯದನ್ನು ಕಿತ್ತು ಎಂಟನೇ ತಲೆಮಾರಿನ ಪ್ರೊಸೆಸರನ್ನು ಕೂರಿಸಿದರೆ ಆಯಿತಲ್ಲವೇ? ಇಲ್ಲಿಯೇ ಇರುವುದು ತೊಡಕು. ಪ್ರೊಸೆಸರ್ ಕೂರುವ ಸಾಕೆಟ್‌ಅನ್ನು ಇಂಟೆಲ್ ಸಂಸ್ಥೆ ಸರಿಸುಮಾರು ಎರಡು ತಲೆಮಾರುಗಳಿಗೊಮ್ಮೆ ಬದಲಿಸುತ್ತಲೇ ಬಂದಿದೆ. ಕೋರ್ 2 ಡ್ಯುಯೊ ಕಾಲದ್ದು 775 ಸಂಪರ್ಕ ಬಿಂದುಗಳ ಸಾಕೆಟ್. 2009ರಲ್ಲಿ 1156, 2011ರಲ್ಲಿ 1155, 2013ರಲ್ಲಿ 1150, 2015ರಲ್ಲಿ 1151 ಬಂದವು. ಒಂದರದ್ದು ಇನ್ನೊಂದಕ್ಕೆ ಹೊಂದದು. ಆದರೆ ಎಂಟನೇ ತಲೆಮಾರಿನ ವಿಷಯದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಆರು ಮತ್ತು ಏಳನೇ ತಲೆಮಾರಿನವು ಬಳಸುತ್ತಿದ್ದ 1151 ಸಾಕೆಟ್ಟನ್ನೇ ಎಂಟನೆಯದಕ್ಕೂ ಉಳಿಸಿಕೊಳ್ಳಲಾಯಿತು. ಬಿಂದುಗಳ ಸಂಖ್ಯೆಯೂ ಅದೇ, ಆಕಾರವೂ ಅದೇ. ವಿದ್ಯುತ್ ಸಂಪರ್ಕದ ಜೋಡಣೆಯನ್ನು ಮಾತ್ರ ಬದಲಿಸಿ, 300 ಸರಣಿಯ ಚಿಪ್‌ಸೆಟ್ ಇರುವ ಹೊಸ ಮದರ್‌ಬೋರ್ಡ್ ಕಡ್ಡಾಯವೆಂದು ಸಾರಲಾಯಿತು. ಹೀಗಾಗಿ ಎಚ್110 ಬೋರ್ಡಿನಲ್ಲಿ ಐ3-6100 ಇಟ್ಟುಕೊಂಡವರು ಅದೇ ಗುಂಡಿಯಲ್ಲಿ ಐ3-8100 ಕೂರಿಸಿ ಲಿವರ್ ಒತ್ತಬಹುದು. ಯಂತ್ರ ಮಾತ್ರ ಏಳುವುದಿಲ್ಲ. ಹವ್ಯಾಸಿಗಳು ಬಯೋಸ್ ತಿದ್ದಿ, ಬಿಂದುಗಳ ಮೇಲೆ ಪಟ್ಟಿ ಅಂಟಿಸಿ ಎಬ್ಬಿಸಿದ ಉದಾಹರಣೆಗಳಿವೆ ಎನ್ನುವುದು ನಿಜ. ಅಂಗಡಿಯವನು ಜವಾಬ್ದಾರಿ ಹೊತ್ತು ಮಾಡಿಕೊಡುವ ಕೆಲಸ ಅದಲ್ಲ.

ಅಂದರೆ, ವಿಂಡೋಸ್ 11ರ ಗೆರೆಯೂ ಇಂಟೆಲ್ ಮದರ್‌ಬೋರ್ಡಿನ ಗೆರೆಯೂ ಒಂದೇ ಜಾಗದಲ್ಲಿ ಬಿದ್ದಿವೆ. ಗೆರೆಯ ಈಚಿನ ಬೋರ್ಡಿನಲ್ಲಿ ಕೂರುವ ಯಾವ ಪ್ರೊಸೆಸರ್ ಕೂಡ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು ಆ ಬೋರ್ಡಿನಲ್ಲಿ ಓಡುವುದಿಲ್ಲ.

ಈ ಪಟ್ಟಿ ಕೇವಲ ಸಾಮರ್ಥ್ಯವನ್ನು ಅಳೆದು ಮಾಡಿದ್ದೂ ಅಲ್ಲ. ಎರಡು ಕೋರ್‌ಗಳ, 2018ರ ಅಗ್ಗದ ಸೆಲೆರಾನ್ ಜಿ4900 ಅದರಲ್ಲಿದೆ. ನಾಲ್ಕು ಕೋರ್, ಎಂಟು ಥ್ರೆಡ್‌ಗಳ, 2017ರ ಐ7-7700 ಅದರಲ್ಲಿಲ್ಲ. ಆರು ಮತ್ತು ಏಳನೇ ತಲೆಮಾರಿನ ಅನೇಕ ಬೋರ್ಡ್‌ಗಳ ಬಯೋಸ್‌ನಲ್ಲಿ ಟಿಪಿಎಂ 2.0 ಸೌಲಭ್ಯವೂ ಇದೆ. ಆದರೂ ಅವು ಅನರ್ಹ. ಭದ್ರತೆಯ ಕಾರಣವನ್ನು ಸಂಸ್ಥೆ ಮುಂದಿಟ್ಟಿದೆ, ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಬೇಕಾದ ಹುಕ್ಕೇರಿಯ ಸ್ಟುಡಿಯೋ ಮಾಲೀಕನಿಗೆ ಆ ಸಮಜಾಯಿಷಿ ಒಪ್ಪಿತವಾಗುವುದು ಕಷ್ಟ.

ಮದರ್‌ಬೋರ್ಡನ್ನೇ ಬದಲಿಸುವ ದಾರಿ ಇದೆ. ಆಗ ಪ್ರೊಸೆಸರ್ ಜೊತೆಗೆ ರ‍್ಯಾಮ್ ಕೂಡ ಬದಲಾಗಬೇಕಾಗುತ್ತದೆ, ಏಕೆಂದರೆ ಹಳೆಯವು ಡಿಡಿಆರ್3, ಹೊಸವು ಡಿಡಿಆರ್4 ಅಥವಾ ಡಿಡಿಆರ್5. ಇನ್ನೊಂದು ಖರ್ಚು ಹಲವರ ಗಮನಕ್ಕೇ ಬರುವುದಿಲ್ಲ. ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಪ್ರೊಸೆಸರ್ ಬದಲಿಸಿದರೆ ಅದಕ್ಕೆ ಧಕ್ಕೆಯಿಲ್ಲ. ಬೋರ್ಡ್ ಬದಲಿಸಿದರೆ ಪರವಾನಗಿಯನ್ನೇ ಹೊಸದಾಗಿ ಕೊಳ್ಳಬೇಕಾಗಬಹುದು. ಇದೆಲ್ಲದರ ಮೇಲೆ, 2025ರ ಉತ್ತರಾರ್ಧದಿಂದ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏರಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗೆ ಮೆಮೊರಿ ಒದಗಿಸುವುದೇ ತಯಾರಕರಿಗೆ ಹೆಚ್ಚು ಲಾಭದಾಯಕವಾದದ್ದು ಇದಕ್ಕೆ ಮುಖ್ಯ ಕಾರಣ. ಮೈಕ್ರಾನ್ ಸಂಸ್ಥೆಯಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ‘ಕ್ರೂಷಿಯಲ್’ ಹೆಸರಿನ ವ್ಯವಹಾರವನ್ನೇ ಕೈಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅಮೆರಿಕದ ದತ್ತಾಂಶ ಕೇಂದ್ರಕ್ಕೂ ಮೂಡಲಗಿಯ ಝೆರಾಕ್ಸ್ ಅಂಗಡಿಗೂ ನಡುವಿನ ನಂಟು ಇಷ್ಟು ಹತ್ತಿರದ್ದೆಂದು ಯಾರೂ ಎಣಿಸಿರಲಿಕ್ಕಿಲ್ಲ.

ಎಎಂಡಿ ಸಂಸ್ಥೆಯ ಯಂತ್ರಗಳ ಕಥೆ ಬೇರೆ. 2017ರಲ್ಲಿ ರೈಜನ್ ಜೊತೆ ಬಂದ ಎಎಂ4 ಸಾಕೆಟ್ಟನ್ನು ಆ ಸಂಸ್ಥೆ ವರ್ಷಗಟ್ಟಲೆ ಉಳಿಸಿಕೊಂಡಿತು. ಎ320, ಬಿ350 ಬೋರ್ಡಿನಲ್ಲಿ ರೈಜನ್ 3 1200 ಅಥವಾ ರೈಜನ್ 5 1600 ಇಟ್ಟುಕೊಂಡವರ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಆದರೆ ಅದೇ ಬೋರ್ಡಿಗೆ, ಬಯೋಸ್ ಪರಿಷ್ಕರಿಸಿಕೊಂಡು, ಪಟ್ಟಿಯಲ್ಲಿರುವ ನಂತರದ ರೈಜನ್ ಹಾಕಬಹುದು. 2022ರಿಂದ ಅನೇಕ ಎ320 ಬೋರ್ಡ್‌ಗಳಿಗೂ 5000 ಸರಣಿಯ ಬೆಂಬಲ ದೊರೆತಿದೆ. ಹೆಸರನ್ನು ನಂಬಿ ಮೋಸಹೋಗಬಾರದಷ್ಟೆ. ಅಗ್ಗದ ಯಂತ್ರಗಳಲ್ಲಿ ಬಹಳವಾಗಿ ಬಳಕೆಯಾದ ರೈಜನ್ 3 2200ಜಿ ಹೆಸರಿನಲ್ಲಿ ಎರಡನೇ ಸರಣಿಯದಾದರೂ ಒಳಗಿನ ವಿನ್ಯಾಸ ಮೊದಲನೆಯದೇ. ಪಟ್ಟಿಗೆ ಸೇರುವುದು 3200ಜಿ ಮತ್ತು ಅದರ ನಂತರದವು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರವಾದರೆ ‘ಜಿ’ ಅಕ್ಷರವಿರುವ ಪ್ರೊಸೆಸರನ್ನೇ, ಉದಾಹರಣೆಗೆ 5600ಜಿ, ಆರಿಸಬೇಕು. ಇಲ್ಲದಿದ್ದರೆ ಪರದೆಯಲ್ಲಿ ಏನೂ ಕಾಣದು.

ಬಯೋಸ್ ಪರಿಷ್ಕರಣೆಯನ್ನು ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ ಮಾಡಿ ಮುಗಿಸಬೇಕು. ಕೆಲವೇ ನಿಮಿಷಗಳ ಆ ಕೆಲಸದ ನಡುವೆ ವಿದ್ಯುತ್ ಹೋದರೆ ಬೋರ್ಡ್ ನಿಷ್ಪ್ರಯೋಜಕವಾಗುವ ಸಂಭವವಿದೆ. ಗೋಕಾಕ ಮತ್ತು ಮೂಡಲಗಿಗೆ ಹೆಸ್ಕಾಂ, ಹುಕ್ಕೇರಿ ತಾಲ್ಲೂಕಿಗೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ವಿದ್ಯುತ್ ಪೂರೈಸುತ್ತವೆ. ಪೂರೈಕೆ ಯಾರದ್ದೇ ಆಗಲಿ, ಮಳೆಗಾಲದ ಮಧ್ಯಾಹ್ನ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕುವುದು ದುಸ್ಸಾಹಸವೇ ಸರಿ.

ವಿಂಡೋಸ್ 11ರ ಆಸೆ ಬಿಟ್ಟು, ಇರುವ ಯಂತ್ರದ ವೇಗ ಹೆಚ್ಚಿದರೆ ಸಾಕು ಎನ್ನುವವರ ಪಾಲಿಗೆ ಪ್ರೊಸೆಸರ್ ಬದಲಾವಣೆ ಇಂದಿಗೂ ಅರ್ಥವುಳ್ಳದ್ದೇ. ಕಳೆದ ದಶಕದ ಆರಂಭದಲ್ಲಿ ಭಾರತದ ಅಗ್ಗದ ಡೆಸ್ಕ್‌ಟಾಪ್‌ಗಳಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಎಚ್61 ಬೋರ್ಡನ್ನೇ ನೋಡಬಹುದು. ಅದರಲ್ಲಿ ಪೆಂಟಿಯಮ್ ಅಥವಾ ಎರಡು ಕೋರ್‌ಗಳ ಐ3-2120 ಇರುತ್ತಿತ್ತು. ಬಯೋಸ್ ಪರಿಷ್ಕರಿಸಿದರೆ ಅದೇ ಬೋರ್ಡಿನಲ್ಲಿ ಮೂರನೇ ತಲೆಮಾರಿನ, ನಾಲ್ಕು ಕೋರ್‌ಗಳ ಐ5-3470 ಅಥವಾ ಎಂಟು ಥ್ರೆಡ್‌ಗಳ ಐ7-3770 ಓಡುತ್ತದೆ. ಮದುವೆಯ ವಿಡಿಯೋ ಸಂಕಲನ, ಆಲ್ಬಮ್ ವಿನ್ಯಾಸ ಮಾಡುವ ಸ್ಟುಡಿಯೋಗಳಿಗೆ ಈ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದು. ದೊಡ್ಡ ಕಂಪನಿಗಳು ಕಳಚಿದ ಯಂತ್ರಗಳಿಂದ ಇಂಥ ಪ್ರೊಸೆಸರ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯವರೆಗೆ, ದೆಹಲಿಯ ನೆಹರೂ ಪ್ಲೇಸ್‌ವರೆಗೆ ಬರುತ್ತವೆ. ಅಲ್ಲಿಂದ ಬೆಳಗಾವಿಗೆ, ಕೊಲ್ಹಾಪುರಕ್ಕೆ. ಸಂಕೇಶ್ವರದವರಿಗೆ ಬೆಳಗಾವಿ ಎಷ್ಟು ದೂರವೋ ಕೊಲ್ಹಾಪುರವೂ ಹೆಚ್ಚುಕಡಿಮೆ ಅಷ್ಟೇ ದೂರ.

ಪ್ರೊಸೆಸರ್ ಎಂಬುದು ಚಲಿಸುವ ಭಾಗಗಳಿಲ್ಲದ ವಸ್ತು. ಬಳಸಿದ್ದೆಂಬ ಕಾರಣಕ್ಕೆ ಅದು ಸವೆದಿರುವುದಿಲ್ಲ. ಆದ್ದರಿಂದ ಹಳೆಯ ಹಾರ್ಡ್ ಡಿಸ್ಕ್ ಅಥವಾ ಹಳೆಯ ಎಸ್ಎಂಪಿಎಸ್ ಕೊಳ್ಳುವಷ್ಟು ಅಪಾಯ ಹಳೆಯ ಪ್ರೊಸೆಸರ್ ಕೊಳ್ಳುವುದರಲ್ಲಿಲ್ಲ. ಬೋರ್ಡಿನ ಮಾತು ಹಾಗಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಒಮ್ಮೆ ನೀರು ಕುಡಿದು ಒಣಗಿದ ಬೋರ್ಡ್ ಸದ್ಯಕ್ಕೆ ಓಡುತ್ತಿದ್ದರೂ, ಸಾಕೆಟ್ಟಿನ ಕೂದಲೆಳೆಯಂಥ ಮುಳ್ಳುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಅದಕ್ಕೆ ಮತ್ತೆ ಹಣ ಸುರಿಯುವುದು ಜಾಣತನವಲ್ಲ.

ಆದರೆ ಪ್ರೊಸೆಸರ್ ಬದಲಿಸುವ ಮುನ್ನ ಕೇಳಿಕೊಳ್ಳಬೇಕಾದ ಮಾತು ಇನ್ನೊಂದಿದೆ: ಯಂತ್ರ ನಿಧಾನವಾಗಿರುವುದಕ್ಕೆ ಪ್ರೊಸೆಸರೇ ಕಾರಣವೇ? ಬಹುಪಾಲು ಅಲ್ಲ. ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕ್ ಎಂಬ ಕಾಲಂ ಶೇ 100 ತೋರುತ್ತಿರುತ್ತದೆ. ಪ್ರೊಸೆಸರ್ ಸುಮ್ಮನೆ ಕುಳಿತಿರುತ್ತದೆ. ಅಂಥಲ್ಲಿ ಐ3 ತೆಗೆದು ಐ7 ಹಾಕಿದರೂ ವಿಂಡೋಸ್ ತೆರೆದುಕೊಳ್ಳಲು ಹಿಡಿಯುವ ಹೊತ್ತು ಹೆಚ್ಚೇನೂ ಇಳಿಯದು. ಅದೇ ಯಂತ್ರಕ್ಕೆ ಸಾಧಾರಣ ಎಸ್ಎಸ್‌ಡಿ ಹಾಕಿ, ರ‍್ಯಾಮ್‌ಅನ್ನು 4 ಜಿಬಿಯಿಂದ 8ಕ್ಕೆ ಏರಿಸಿದರೆ ಹಳೆಯ ಪ್ರೊಸೆಸರೇ ಸಲೀಸಾಗಿ ಓಡತೊಡಗುತ್ತದೆ. ಇನ್ನು ಕೆಲವು ಯಂತ್ರಗಳು ಬೇಸಿಗೆಯಲ್ಲಿ ಮಾತ್ರ ಕುಂಟುತ್ತವೆ. ತೆರೆದು ನೋಡಿದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಪುಡಿಯಾಗಿರುತ್ತದೆ, ಫ್ಯಾನಿನ ಕೆಳಗೆ ಧೂಳಿನ ಕಂಬಳಿ ಹಾಸಿರುತ್ತದೆ. ಬಿಸಿಯೇರಿದ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಒಂದು ಕುಂಚ, ಒಂದಿಷ್ಟು ಪೇಸ್ಟ್, ಅಷ್ಟೇ ಚಿಕಿತ್ಸೆ.

ಮುದ್ರಣಾಲಯಗಳ ಸಮಸ್ಯೆಯೇ ಬೇರೆ. ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಭಿತ್ತಿಪತ್ರಗಳ ಹತ್ತಾರು ವರ್ಷಗಳ ಕಡತಗಳು ಪೇಜ್‌ಮೇಕರ್‌ನಲ್ಲಿ, ಹಳೆಯ ಕೋರೆಲ್‌ಡ್ರಾನಲ್ಲಿ, ಯುನಿಕೋಡ್ ಪೂರ್ವದ ನುಡಿ ಮತ್ತು ಇತರ ಕನ್ನಡ ಫಾಂಟ್‌ಗಳಲ್ಲಿ ಉಳಿದಿವೆ. ಪೇಜ್‌ಮೇಕರ್‌ನ ಕೊನೆಯ ಪ್ರಮುಖ ಆವೃತ್ತಿ ಬಂದದ್ದು 2001ರಲ್ಲಿ. ಕೆಲವು ತಂತ್ರಾಂಶಗಳಿಗೆ ಹಾರ್ಡ್‌ವೇರ್ ಲಾಕ್ ಬೇಕು. ರಸೀದಿ ಮುದ್ರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಪ್ಯಾರಲಲ್ ಪೋರ್ಟ್ ಬೇಕು. ಹೊಸ ಬೋರ್ಡ್‌ಗಳಲ್ಲಿ ಆ ಪೋರ್ಟ್ ಸಾಮಾನ್ಯವಾಗಿ ಇಲ್ಲ. ಇಂಥವರಿಗೆ ಹಳೆಯ ಬೋರ್ಡ್ ಅನಿವಾರ್ಯ. ಅದನ್ನು ಅಂತರ್ಜಾಲದಿಂದ ಬೇರ್ಪಡಿಸಿ, ಮುದ್ರಣಕ್ಕೆ ಮಾತ್ರ ಮೀಸಲಿಟ್ಟು, ಹೊರಗಿನ ವ್ಯವಹಾರಕ್ಕೆ ಇನ್ನೊಂದು ಯಂತ್ರ ಇಟ್ಟುಕೊಳ್ಳುವುದೇ ಕಡಿಮೆ ಖರ್ಚಿನ ದಾರಿ.

ನಿಜವಾಗಿ ಚಿಂತಿಸಬೇಕಾದದ್ದು ಪರರ ಹಣ, ಪರರ ದಾಖಲೆಗಳನ್ನು ನಿರ್ವಹಿಸುವ ಯಂತ್ರಗಳ ಬಗ್ಗೆ. ಪತ್ತಿನ ಸಂಘದ ಸದಸ್ಯರ ಖಾತೆ, ತೆರಿಗೆ ಸಲಹೆಗಾರನ ಬಳಿಯ ಡಿಜಿಟಲ್ ಸಹಿ, ಗ್ರಾಮ ಒನ್ ಕೇಂದ್ರಕ್ಕೆ ಜನ ತರುವ ಆಧಾರ್ ಪ್ರತಿ, ಇವೆಲ್ಲ ಭದ್ರತಾ ಪರಿಷ್ಕರಣೆಯಿಲ್ಲದ ಯಂತ್ರದಲ್ಲಿರುವುದು ಕಳವಳದ ಸಂಗತಿ. ವಿಂಡೋಸ್ 7ರಲ್ಲೇ ಉಳಿದವರ ಸ್ಥಿತಿ ಇನ್ನೂ ಶೋಚನೀಯ. 2023ರ ಫೆಬ್ರುವರಿಯಿಂದ ಕ್ರೋಮ್ ಬ್ರೌಸರಿನ ಹೊಸ ಆವೃತ್ತಿಗಳೇ ಅದರಲ್ಲಿ ಓಡುವುದಿಲ್ಲ. ನಿಯಮ ತಪ್ಪಿಸಿ ವಿಂಡೋಸ್ 11 ಹಾಕಿಕೊಡುವ ಚಾಕಚಕ್ಯತೆಯೂ ಚಾಲ್ತಿಯಲ್ಲಿದೆ. ಅಂಥ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳ ಖಾತರಿಯಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ಕೋರ್ 2 ಡ್ಯುಯೊ ಯಂತ್ರಗಳಿಗಂತೂ ಆ ದಾರಿಯೂ ಮುಚ್ಚಿದೆ. 2024ರ 24ಎಚ್2 ಆವೃತ್ತಿ ಬಯಸುವ ಆದೇಶಗಳು ಆ ಪ್ರೊಸೆಸರಿನ ಒಳಗೇ ಇಲ್ಲ.

ಪ್ರೊಸೆಸರ್ ಮುಟ್ಟದೆಯೇ ಕಾಲಾವಕಾಶ ಪಡೆಯುವ ಕ್ರಮವೊಂದಿದೆ. ವಿಸ್ತರಿತ ಭದ್ರತಾ ಪರಿಷ್ಕರಣೆ ಎಂಬ ಯೋಜನೆಯಡಿ ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಪರಿಷ್ಕರಣೆ ನೀಡುವುದಾಗಿ ಸಂಸ್ಥೆ ಪ್ರಕಟಿಸಿತು. ಇದಕ್ಕೆ 30 ಡಾಲರ್ ಶುಲ್ಕ. ಮೈಕ್ರೋಸಾಫ್ಟ್ ಖಾತೆಗೆ ಯಂತ್ರದ ಸೆಟ್ಟಿಂಗ್‌ಗಳ ಪ್ರತಿಯನ್ನು ಜೋಡಿಸಿದರೆ ಶುಲ್ಕವಿಲ್ಲ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರ್, ನಂತರ ಪ್ರತಿ ವರ್ಷ ಅದರ ಇಮ್ಮಡಿ, ಮೂರು ವರ್ಷಗಳವರೆಗೆ. ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ 427 ಡಾಲರ್ ಆಗುತ್ತದೆ. ಸಹಕಾರ ಸಂಘವೊಂದು ಇಷ್ಟು ತೆರುವುದಕ್ಕಿಂತ ಹೊಸ ಯಂತ್ರ ಕೊಳ್ಳುವುದು ಮೇಲು. ಗಮನಿಸಬೇಕಾದ ಅಂಶವೆಂದರೆ ಶಿಕ್ಷಣ ಸಂಸ್ಥೆಗಳಿಗೆ ನಿಗದಿಯಾದ ದರ: ಮೊದಲ ವರ್ಷ 1 ಡಾಲರ್, ಎರಡನೆಯ ವರ್ಷ 2, ಮೂರನೆಯ ವರ್ಷ 4.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಕೇಂದ್ರದ ಐಸಿಟಿ ಯೋಜನೆ 2004ರಲ್ಲಿ ಆರಂಭವಾಯಿತು; ರಾಜ್ಯದ ‘ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ’ 2016-17ರಿಂದ ನಡೆಯಿತು. ಇಂಥ ಯೋಜನೆಗಳಡಿ ಪ್ರೌಢಶಾಲೆಗಳಿಗೆ ಬಂದ ಯಂತ್ರಗಳಲ್ಲಿ 2017ರ ಗೆರೆಯ ಈಚಿನವು ವಿಂಡೋಸ್ 11ಕ್ಕೆ ಅನರ್ಹ. ಪ್ರಯೋಗಾಲಯದ ಹತ್ತು ಯಂತ್ರಗಳಿಗೆ ಪ್ರೊಸೆಸರ್ ಬದಲಿಸಿ ಎಂದು ಶಾಲಾಭಿವೃದ್ಧಿ ಸಮಿತಿ ದಾನಿಗಳನ್ನು ಹುಡುಕಿದರೆ ಆ ಹಣದಿಂದ ಈ ಅನರ್ಹತೆ ಅಳಿಯದು.

ನೆರೆಯ ಕೇರಳ ಈ ಕಗ್ಗಂಟನ್ನು ಬಹಳ ಹಿಂದೆಯೇ ಬಿಡಿಸಿಕೊಂಡಿತು. ಅಲ್ಲಿನ ಸರ್ಕಾರಿ ಸಂಸ್ಥೆಯಾದ ‘ಕೈಟ್’ ಶಾಲೆಗಳಿಗೆಂದೇ ಲಿನಕ್ಸ್ ಆಧಾರಿತ ವ್ಯವಸ್ಥೆಯನ್ನು ಸಿದ್ಧಪಡಿಸಿ ಹಂಚುತ್ತದೆ. 2024ರಲ್ಲೂ ಹೊಸ ಆವೃತ್ತಿ ಹೊರಬಂತು. ಕೇರಳದ ಪಠ್ಯಕ್ರಮ ಅನುಸರಿಸುವ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳೂ ಅದೇ ವ್ಯವಸ್ಥೆಯ ವ್ಯಾಪ್ತಿಯಲ್ಲಿದ್ದಾರೆ. ಆ ಯಂತ್ರಗಳಿಗೆ ಮೈಕ್ರೋಸಾಫ್ಟ್ ಪಟ್ಟಿಯ ಹಂಗಿಲ್ಲ. ಕರ್ನಾಟಕ ಸರ್ಕಾರವೂ ಕಿಯೋನಿಕ್ಸ್ ಮೂಲಕ ‘ಕಿಯೊ’ ಎಂಬ, ಲಿನಕ್ಸ್ ಆಧಾರಿತ, ರಿಸ್ಕ್-5 ಪ್ರೊಸೆಸರಿನ ಕಂಪ್ಯೂಟರನ್ನು 2025ರ ನವೆಂಬರಿನ ಬೆಂಗಳೂರು ತಂತ್ರಜ್ಞಾನ ಶೃಂಗಸಭೆಯಲ್ಲಿ 18,999 ರೂಪಾಯಿ ಬೆಲೆಗೆ ಪರಿಚಯಿಸಿತು. ಹೊಸ ಯಂತ್ರಕ್ಕೆ ಲಿನಕ್ಸ್ ಸಾಕೆಂದು ಸರ್ಕಾರವೇ ಒಪ್ಪಿದ ಮೇಲೆ, ಶಾಲೆಯ ಮೂಲೆಯಲ್ಲಿರುವ ಹಳೆಯ ಐ3 ಯಂತ್ರಕ್ಕೆ ಅದು ಸಾಲದೆನ್ನುವುದಕ್ಕೆ ಕಾರಣ ಕಾಣದು.

ಲಿನಕ್ಸ್ ಎಲ್ಲರಿಗೂ ಹೊಂದುತ್ತದೆ ಎಂದಲ್ಲ. ಟ್ಯಾಲಿ ಬಳಸುವ ಲೆಕ್ಕಿಗನಿಗೆ, ಹಳೆಯ ನುಡಿ ಕಡತಗಳಿರುವ ಮುದ್ರಣಾಲಯಕ್ಕೆ ಅದು ಸುಲಭದ ದಾರಿಯಲ್ಲ. ಯುನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿ, ಜಾಲತಾಣ ನೋಡಿ, ಪಾಠದ ವಿಡಿಯೋ ತೋರಿಸುವ ಶಾಲೆಗೆ ಸುಲಭ.

ಕಳಚಿದ ಯಂತ್ರಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನೂ ನೋಡಬೇಕು. ವಿಂಡೋಸ್ 10ರ ಅಂತ್ಯದಿಂದ 24 ಕೋಟಿ ಕಂಪ್ಯೂಟರ್‌ಗಳು ಕಸ ಸೇರಬಹುದೆಂದು ಕೆನಾಲಿಸ್ ಸಂಸ್ಥೆ 2023ರಲ್ಲೇ ಅಂದಾಜಿಸಿತ್ತು. ಜಗತ್ತಿನಲ್ಲಿ 2022ರಲ್ಲಿ ಉತ್ಪತ್ತಿಯಾದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಕ್ರಮಬದ್ಧವಾಗಿ ಸಂಗ್ರಹವಾದದ್ದು ಶೇ 22.3 ಮಾತ್ರವೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ತಾಲ್ಲೂಕು ಕೇಂದ್ರದಲ್ಲಿ ಕಬ್ಬಿಣದ ಡಬ್ಬಿ ತೂಕಕ್ಕೆ ಗುಜರಿ ಸೇರಿದರೆ, ಒಳಗಿನ ತಾಮ್ರಕ್ಕಾಗಿ ತಂತಿ ಸುಡುವ ಹೊಗೆ ಆ ನಿಯಮಗಳ ಕಣ್ಣಿಗೆ ಬೀಳುವುದಿಲ್ಲ.

ಶಾಲೆಗಳ ಮಟ್ಟಿಗೆ, ಯಂತ್ರವೊಂದಕ್ಕೆ 1 ಡಾಲರಿನ ಪರಿಷ್ಕರಣೆಯೋ ಲಿನಕ್ಸ್‌ಗೆ ವರ್ಗಾವಣೆಯೋ ಎಂಬುದನ್ನು ಮುಖ್ಯೋಪಾಧ್ಯಾಯರು ಒಬ್ಬೊಬ್ಬರಾಗಿ ತೀರ್ಮಾನಿಸಲಾಗದು. ಸಂಸ್ಥೆಗಳ ದರದ ಪರವಾನಗಿಯನ್ನು ಒಟ್ಟಾಗಿ ಕೊಳ್ಳಬೇಕಾದದ್ದು ಇಲಾಖೆ. ಲಿನಕ್ಸ್ ಆದರೆ ಶಿಕ್ಷಕರಿಗೆ ತರಬೇತಿ ಕೊಡಬೇಕಾದದ್ದೂ ಇಲಾಖೆಯೇ. ಆ ಆದೇಶ ಬರುವವರೆಗೆ ಪ್ರಯೋಗಾಲಯದ ಯಂತ್ರಗಳನ್ನು ಹೊತ್ತು ದುರಸ್ತಿ ಅಂಗಡಿಗೆ ಬರುವ ಶಿಕ್ಷಕರಿಗೆ ಅಂಗಡಿಯವನು ಕೊಡಬಹುದಾದದ್ದು ಎಸ್ಎಸ್‌ಡಿ, 8 ಜಿಬಿ ರ‍್ಯಾಮ್ ಹಾಗೂ ಪ್ರೊಸೆಸರ್ ಮೇಲೆ ಹೊಸ ಪೇಸ್ಟ್.